ಆನೆದೋಣಿಯೂ ಬೆಲ್ಲದ ಕೊಪ್ಪರಿಗೆಯೂ

ಹೇಳಿ ನೋಡೋಣ: ನಲವತ್ತು ಜನ ಹತ್ತುವ ಆನೆ ನಡುಹೊಳೆಯಲ್ಲಿ ಕೂತುಬಿಟ್ಟಿತು, ಬೆಲ್ಲ ಕಾಯಿಸುವ ಕೊಪ್ಪರಿಗೆ ದಡ ಸೇರಿತು. ಹೇಗೆ? ನೀವು ಯೋಚಿಸುತ್ತಿರಿ, ನಾನು ಹೇಳುತ್ತಾ ಹೋಗುತ್ತೇನೆ.

ನೇರಲಕಟ್ಟೆ ಅಂತ ಒಂದು ಊರು. ಪಕ್ಕದಲ್ಲೇ ಸೀಗೆಹೊಳೆ. ಊರಿಗೊಬ್ಬ ಪಾಳೇಗಾರ, ಭೈರಮಲ್ಲ ನಾಯಕ. ಅವನಿಗೆ ಆನೆಯಂಥ ದೋಣಿ ಬೇಕೆನಿಸಿತಂತೆ. ಸೊಂಡಿಲು, ದಂತ, ಮೇಲೊಂದು ಅಂಬಾರಿ, ಎಲ್ಲಾ ಹಲಸಿನ ಮರದ್ದು. ಬಾಲವೂ ಇತ್ತಂತೆ, ಅದು ಯಾಕೆಂದು ಕೇಳಬೇಡಿ. ದೋಣಿ ನೀರಿಗಿಳಿದ ದಿನವೇ ಡಂಗುರ ಹೊಡೆಸಿದ: ಇನ್ನು ಹೊಳೆಯ ಮೇಲೆ ಆನೆದೋಣಿ ಒಂದೇ, ಅದೂ ಸೋಮವಾರ ಮಾತ್ರ. ಊರಲ್ಲಿದ್ದ ಹರಿಗೋಲುಗಳನ್ನೆಲ್ಲ ದಡದಲ್ಲೇ ಸುಟ್ಟರಂತೆ.

ಆ ಊರಿನ ಸೂಲಗಿತ್ತಿ ಹೊನ್ನೀರಮ್ಮ. ಈ ದಡ, ಆ ದಡ, ಎರಡಕ್ಕೂ ಅವಳೊಬ್ಬಳೇ. ಡಂಗುರದ ಮೂರನೇ ದಿನ ಆ ದಡದಿಂದ ಕೂಗು ಬಂತು: ಹೆಂಗಸೊಬ್ಬಳಿಗೆ ಬೇನೆ ಶುರುವಾಗಿದೆ. ಹೊನ್ನೀರಮ್ಮ ನೇರ ನಾಯಕನ ಚಾವಡಿಗೆ ಹೋಗಿ ದೋಣಿ ಕೇಳಿದಳು.

"ಸೋಮವಾರದ ತನಕ ತಡಕೊಳ್ಳೋಕೆ ಹೇಳು," ಅಂದ ನಾಯಕ.

"ಹೇಳಬಹುದಿತ್ತು ದೊರೆ. ಹೊಟ್ಟೆಯೊಳಗಿರೋ ಕೂಸಿಗೆ ನಿಮ್ಮ ಡಂಗುರ ಕೇಳಿಸಿಲ್ವಲ್ಲ," ಅಂದವಳೇ ಸೆರಗು ಕೊಡವಿ ಹೊರಟುಬಿಟ್ಟಳಂತೆ.

ಹೋದದ್ದೆಲ್ಲಿಗೆ? ಹೊಳೆದಂಡೆಯ ಆಲೆಮನೆಗೆ. ಅಲ್ಲಿ ಬೋರಲಿಂಗ ಬೆಲ್ಲ ಇಳಿಸಿ, ಅಗಲವಾದ ಕೊಪ್ಪರಿಗೆಯನ್ನು ಆರಲು ಬಿಟ್ಟಿದ್ದ.

"ಆ ಕೊಪ್ಪರಿಗೆ ಕೊಡೋ."

"ಅದು ಪಾಕ ಕಾಯಿಸೋದವ್ವ, ಹೊಳೆ ದಾಟೋದಲ್ಲ."

"ನೀನು ಹುಟ್ಟುವಾಗ ಕಾಲು ಮುಂದೆ ಮಾಡ್ಕೊಂಡು ಬಂದೆ. ಹಾಗೆ ಬರೋದಲ್ಲ ಅಂತ ನಾನೇನು ವಾಪಸ್ ಕಳಿಸಿದ್ನಾ?"

ಬೋರಲಿಂಗ ಕೊಪ್ಪರಿಗೆಯ ಒಂದು ಬದಿ ಹಿಡಿದ.

ಪಾಕ ತಿರುವುವ ಉದ್ದನೆಯ ಮರದ ಸೌಟೇ ನೀರು ತಳ್ಳುವ ಹುಟ್ಟಾಯಿತು. ಒಂದು ಸಲ ಹಾಕಿದರೆ ಮೂರು ಸುತ್ತು. ತಿರುಗುತ್ತಾ ತಿರುಗುತ್ತಾ ದಾಟಿದಳು. ಕೂಸು ಹುಟ್ಟಿತು, ಹೆಣ್ಣು.

ಸುದ್ದಿ ಮುಟ್ಟಿದ್ದೇ ನಾಯಕ ಕೊಪ್ಪರಿಗೆಗೆ ಕಾವಲು ಹಾಕಿಸಿದ. ಮಾರನೇ ದಿನ ಸೋರೆಬುರುಡೆ ಕಟ್ಟಿದ ಮಂಚವೊಂದು ತೇಲಿತು. ಅದನ್ನು ಹಿಡಿದರೆ, ಮಡಕೆಗಳ ಮೇಲೆ ಕೂತ ಬಾಗಿಲು. ಅದನ್ನು ಹಿಡಿದರೆ, ಬಾಳೆದಿಂಡಿನ ಮೇಲೆ ಕೋಳಿಗೂಡು, ಕೋಳಿ ಸಮೇತ. ಒಂದಾಯಿತು, ಎರಡಾಯಿತು, ಏಳಾಯಿತು. "ದೊರೆ, ದೋಣಿ ಯಾವುದು, ಮನೆಸಾಮಾನು ಯಾವುದು ಅಂತ ಗೊತ್ತಾಗ್ತಿಲ್ಲ," ಅಂತ ಕಾವಲಿನವರು ಕೈಚೆಲ್ಲಿ ಮನೆಗೆ ಹೋದರಂತೆ.

ಹೀಗಿರುವಾಗ ಆ ದಡದಿಂದ ಇನ್ನೊಂದು ಕೂಗು. ಈ ಸಲ ಬೇನೆ ತಿನ್ನುತ್ತಿದ್ದವಳು ನಾಯಕನ ಮಗಳೇ, ಅವಳನ್ನು ಆ ದಡಕ್ಕೆ ಕೊಟ್ಟಿದ್ದರು. ನಾಯಕ ಆನೆದೋಣಿ ಬಿಡಿಸಿದ. ಹೊನ್ನೀರಮ್ಮನಿಗೆ "ಹತ್ತು" ಅಂದ.

"ಮಾಘದ ನೀರು ಇಳಿದಿದೆ ದೊರೆ. ನಿಮ್ಮ ಆನೆಗೆ ಹೊಟ್ಟೆ ದೊಡ್ಡದು. ನನಗೆ ಕೊಪ್ಪರಿಗೆಯೇ ಸಾಕು," ಅಂತ ಅವಳು ಆಲೆಮನೆಯ ಕಡೆ ನಡೆದಳು.

ಆನೆ ನಡುಹೊಳೆಯವರೆಗೆ ಹೋಯಿತು, ಮರಳದಿಬ್ಬದ ಮೇಲೆ ಕೂತಿತು, ವಾಲಿತು. ಸೊಂಡಿಲಲ್ಲಿ ನೀರು ನುಗ್ಗಿತು. ಆಚೆಗೆ ಎರಡಾಳು ಆಳದ ಮಡು. ಅಂಬಾರಿ ತಬ್ಬಿ ನಿಂತಿದ್ದ ನಾಯಕನ ಪಕ್ಕಕ್ಕೆ ಕೊಪ್ಪರಿಗೆ ತಿರುಗುತ್ತಾ ಬಂತು.

"ಬರ್ತೀರಾ?"

ನಾಯಕ ಕಾಲಿಟ್ಟು ನಿಂತ. ಕೊಪ್ಪರಿಗೆ ಓಲಾಡಿತು.

"ನಿಂತರೆ ಮಗುಚುತ್ತೆ. ತಳದಲ್ಲಿ ಕೂರಬೇಕು, ಮಂಡಿ ಮಡಚಿ, ತಲೆ ತಗ್ಗಿಸಿ."

ಯಾರೆದುರೂ ತಲೆ ತಗ್ಗಿಸದವನು ಕೂತ. ಹೊನ್ನೀರಮ್ಮ ಒಂದು ಷರತ್ತೂ ಹಾಕಲಿಲ್ಲ. ಬೇನೆ ತಿನ್ನುವವಳನ್ನು ಮುಂದಿಟ್ಟುಕೊಂಡು ಚೌಕಾಸಿ ಮಾಡುವ ಹೆಂಗಸಲ್ಲ ಅವಳು. ದಡದಲ್ಲಿ ನಾಯಕ ಎದ್ದರೆ, ಅಂಟುಬೆಲ್ಲಕ್ಕೆ ಹತ್ತಿಕೊಂಡ ರೇಷ್ಮೆಪಂಚೆಯ ಒಂದು ಗೇಣು ಕೊಪ್ಪರಿಗೆಯಲ್ಲೇ ಉಳಿಯಿತಂತೆ.

ಮೊಮ್ಮಗ ಹುಟ್ಟಿದ. ತಾಯಿ ಕಣ್ಣುಬಿಟ್ಟಳು. ನಾಯಕ ಹಿಗ್ಗಿ ಹೇಳಿದ: "ಕೇಳು ಹೊನ್ನೀರಮ್ಮ, ಹೊಳೆಯನ್ನೇ ನಿಮಗೆಲ್ಲ ಕೊಟ್ಟುಬಿಡ್ತೀನಿ."

ಕೂಸನ್ನು ಅವನ ಮಡಿಲಿಗೆ ಹಾಕಿ ಅವಳು ಅಂದಳಂತೆ: "ಕೊಡೋಕೆ ಅದು ನಿಮ್ಮದಾಗಿತ್ತಾ ದೊರೆ? ನೀವು ಡಂಗುರ ಹೊಡೆಸಿದ್ರಿ, ನಾವು ದಾಟ್ತಾನೇ ಇದ್ವಿ. ನಾಳೆಯೂ ದಾಟ್ತೀವಿ."

ಡಂಗುರ ಮತ್ತೆ ಸದ್ದು ಮಾಡಲಿಲ್ಲ. ಬಾಗಿಲನ್ನು ಹೊಳೆಗೆ ಬಿಟ್ಟು ಕಳೆದುಕೊಂಡ ಮನೆಗೆ ಆನೆಯ ಹೊಟ್ಟೆಯ ಹಲಗೆ ಬಾಗಿಲಾಯಿತಂತೆ.

ಕೊಪ್ಪರಿಗೆ ಆಲೆಮನೆ ಸೇರಿತು, ಕಥೆ ನಿಮ್ಮ ಕಿವಿ ಸೇರಿತು. ನಾಯಕ ಹೊಳೆ ದಾಟಿದ್ದು ಯಾವತ್ತು ಅಂತೀರಾ? ಮಾಘ ಶುದ್ಧ ದಶಮಿ, ಗುರುವಾರ. ಸೋಮವಾರಕ್ಕೆ ಇನ್ನೂ ನಾಲ್ಕು ದಿನ ಇತ್ತಂತೆ.