ಬಂಡೆಯ ಮೇಲಿನ ಚಾವಡಿ

ಮಕ್ಕಳೇ, ಕುರುಚಲು ಕಾಡೊಂದರ ನಡುವೆ ಆನೆಗಿಂತ ಎತ್ತರದ ಬಂಡೆಯೊಂದಿತ್ತು. ಅದರ ನೆತ್ತಿಯ ಮೇಲೆ ಮುಸುವಗಳು, ಅಂದರೆ ಕರಿಮೂತಿಯ ಕೋತಿಗಳು, ಸೊಪ್ಪು ಹೊದಿಸಿ ಚಾವಡಿ ಕಟ್ಟಿದ್ದವು. ಕಾಡಿನವರ ಜಗಳವೆಲ್ಲ ತೀರ್ಮಾನವಾಗುತ್ತಿದ್ದುದು ಅಲ್ಲೇ. ಕಟ್ಟಿದವರು ಮುಸುವಗಳಲ್ಲವೇ, ಮೆಟ್ಟಿಲನ್ನೂ ತಮ್ಮ ನೆಗೆತದ ಅಳತೆಗೇ ಇಟ್ಟಿದ್ದವು. ಹಾರಲಾಗದವರ ಯೋಚನೆ ಅವಕ್ಕೆ ಬರಲೇ ಇಲ್ಲ.

ಆ ಚಾವಡಿಗೆ ಒಂದು ಕಟ್ಟಳೆಯಿತ್ತು. ಮೇಲೆ ನಿಂತು ಆಡಿದ್ದು ಮಾತ್ರ ಮಾತು. ಕೆಳಗೆ ನೆಲದ ಮೇಲೆ ಆಡಿದ್ದೆಲ್ಲ ಬರೀ ಹರಟೆ. ಯಜಮಾನ ಮುಸುವನಿಗೆ ಈ ಕಟ್ಟಳೆಯೆಂದರೆ ಪ್ರಾಣ.

ಬಂಡೆಯಿಂದ ಸ್ವಲ್ಪ ದೂರದಲ್ಲಿ ಚೌಡಕ್ಕ ಎಂಬ ಮುಳ್ಳುಹಂದಿ ಬಿಲ ತೋಡಿಕೊಂಡು ಮರಿಗಳೊಂದಿಗೆ ಇದ್ದಳು. ಆಮೇಲೆ ಬೇಟೆಗಾರರ ಉರುಳಿಗೆ ಸಿಕ್ಕಿ ಅವಳ ಹಿಂಗಾಲೊಂದು ಹೋಯಿತು. ನಡಿಗೆ ನಿಧಾನವಾಯಿತು. ಆದರೂ ಯಾರ ಹಂಗಿಲ್ಲದೆ ಗೆಡ್ಡೆ ಅಗೆದು ಮರಿಗಳನ್ನು ಸಾಕುತ್ತಿದ್ದಳು.

ಮಳೆಗಾಲ ಹತ್ತಿರವಾದಾಗ ಉಡರಾಯನೆಂಬ ಉಡನಿಗೆ ಆ ಬಿಲದ ಮೇಲೆ ಕಣ್ಣು ಬಿತ್ತು. ಸರಸರನೆ ಬಂಡೆ ಹತ್ತಿ, "ಯಜಮಾನರೇ, ಆ ಬಿಲ ನಂದು. ಚೌಡಕ್ಕ ಸುಮ್ಮನೆ ಸೇರಿಕೊಂಡಿದ್ದಾಳೆ," ಎಂದು ದೂರು ಕೊಟ್ಟ.

ವಿಚಾರಣೆಯ ದಿನ ಚೌಡಕ್ಕ ಬೆಳಿಗ್ಗೆಯೇ ಬಂಡೆಯ ಬುಡಕ್ಕೆ ಬಂದಳು. ಮೊದಲ ಮೆಟ್ಟಿಲಿಗೆ ಮುಂಗಾಲು ಊರಿದಳು, ಜಾರಿದಳು. ಮತ್ತೆ ಊರಿದಳು, ಮತ್ತೆ ಜಾರಿದಳು. ಎದೆ ತರಚಿತು.

"ಯಜಮಾನರೇ, ನನಗೆ ಹತ್ತೋಕೆ ಆಗ್ತಿಲ್ಲ. ಇಲ್ಲಿಂದಲೇ ಹೇಳ್ತೀನಿ, ಕೇಳಿ."

"ಕೆಳಗಿನ ಮಾತು ಲೆಕ್ಕಕ್ಕಿಲ್ಲ ಚೌಡಕ್ಕ. ಯಾರಾದರೂ ಎತ್ತಿಕೊಂಡು ಬರಲಿ," ಎಂದ ಮುಸುವ.

ಅಲ್ಲಿದ್ದ ಕರಡಿ ಕರಿಯಣ್ಣ ಒಳ್ಳೆಯ ಮನಸ್ಸಿನವನು. ಎತ್ತಲು ಹೋಗಿ, ಪಾಪ, ಅಂಗೈ ತುಂಬ ಮುಳ್ಳು ಚುಚ್ಚಿಸಿಕೊಂಡ.

"ಬಿಡು ಕರಿಯಣ್ಣ," ಎಂದಳು ಚೌಡಕ್ಕ. "ಚಾವಡಿ ಎಲ್ಲರದ್ದು ಅಂತಾರೆ. ಎಲ್ಲರ ಚಾವಡಿಗೆ ನಾನೊಬ್ಬಳು ಮೂಟೆ ಥರ ಯಾಕೆ ಹೋಗಬೇಕು?" ತರಚಿದ ಎದೆಗಿಂತ ಆ ಅವಮಾನವೇ ಅವಳಿಗೆ ಹೆಚ್ಚು ಉರಿಯಿತು.

ಮೇಲೆ ಉಡರಾಯನಿಗೆ ಎದುರು ಮಾತಾಡುವವರು ಯಾರೂ ಇರಲಿಲ್ಲ. ಬಿಲ ಅವನದೇ ಎಂದು ತೀರ್ಪಾಯಿತು.

ಮರುದಿನ ಮುಸುವ ಉಡರಾಯನನ್ನು ಕರೆದುಕೊಂಡು ಬಿಲದ ಬಳಿಗೆ ಬಂದ. ಏನಾಗುತ್ತದೋ ನೋಡೋಣವೆಂದು ಅರ್ಧ ಕಾಡೇ ಬೆನ್ನಿಗೆ ಬಂತು. ಮೋಡ ಕವಿದಿತ್ತು. ಈ ಬಿಲ ಹೋದರೆ ಹೊಸದು ತೋಡಲು ತನ್ನ ಕಾಲಲ್ಲಿ ಆಗದು, ಮರಿಗಳು ಮಳೆಯಲ್ಲಿ ಉಳಿಯುವುದಿಲ್ಲ ಎಂದು ಚೌಡಕ್ಕನಿಗೆ ಗೊತ್ತಿತ್ತು. ಅವಳಿಗೆ ತುಂಬ ಹೆದರಿಕೆಯಾಗಿತ್ತು. ಆದರೂ ಬಿಲದ ಬಾಯಿಗೆ ಅಡ್ಡ ನಿಂತಳು.

"ತೀರ್ಪು ಆಗಿದೆ ಚೌಡಕ್ಕ. ಬಿಲ ಬಿಡು," ಎಂದ ಮುಸುವ.

"ನೀವೀಗ ಎಲ್ಲಿ ನಿಂತು ಹೇಳ್ತಿದ್ದೀರಿ ಯಜಮಾನರೇ?"

"ಇಲ್ಲೇ, ನಿನ್ನ ಮುಂದೆ."

"ಅಂದರೆ ನೆಲದ ಮೇಲೆ. ನೆಲದ ಮೇಲಿನ ಮಾತು ಹರಟೆ ಅಂತ ನಿಮ್ಮದೇ ಕಟ್ಟಳೆ. ನನ್ನ ಮಾತಿಗಿಲ್ಲದ ಬೆಲೆ ನಿಮ್ಮ ಮಾತಿಗೆ ಎಲ್ಲಿಂದ ಬಂತು? ನಾನು ನಡೆದು ಬರೋ ದಾರಿ ಮಾಡಿ ಚಾವಡಿಯಲ್ಲಿ ಹೇಳಿ, ನಾನೂ ಅಲ್ಲೇ ನಿಂತು ಕೇಳ್ತೀನಿ."

ಮೊದಲು ಕರಿಯಣ್ಣ ನಕ್ಕ, ಆಮೇಲೆ ಎಲ್ಲರೂ ನಕ್ಕರು. ಮುಸುವ ತಲೆ ಕೆರೆದುಕೊಂಡ. ಕಟ್ಟಳೆ ಮುರಿದರೆ ಚಾವಡಿಯ ಮರ್ಯಾದೆ ಹೋಗುತ್ತದೆ, ಮುರಿಯದಿದ್ದರೆ ಚೌಡಕ್ಕ ಕದಲುವುದಿಲ್ಲ. ಕೊನೆಗೆ ಬಂಡೆಗೆ ಇಳಿಜಾರು ದಾರಿ ಹಾಕಿಸಿ, ವಿಚಾರಣೆ ಮತ್ತೆ ನಡೆಸಲು ಒಪ್ಪಿದ.

ಹಂದಿಗಳು ಮಣ್ಣು ಕೆದಕಿದವು, ಕರಿಯಣ್ಣ ಕಲ್ಲು ಉರುಳಿಸಿದ, ಕಾಡೆಮ್ಮೆಗಳು ತುಳಿದು ಗಟ್ಟಿ ಮಾಡಿದವು. ಮೊದಲು ಹಾಕಿದ ದಾರಿ ತೀರಾ ಕಡಿದಾಗಿತ್ತು. ಚೌಡಕ್ಕ ನಡೆದು ನೋಡಿ, "ಇನ್ನಷ್ಟು ಉದ್ದ ಎಳೀರಿ," ಎಂದಳು. ಎಳೆದರು.

ಚೌಡಕ್ಕ ನಿಧಾನವಾಗಿ, ತನ್ನ ಕಾಲ ಮೇಲೆಯೇ ಮೇಲಕ್ಕೆ ಹೋದಳು. ಉಡರಾಯನ ಕಡೆ ತಿರುಗಿ, "ಬಿಲ ನಿನ್ನದಾದರೆ, ಒಳಗೆ ಕವಲು ಎಲ್ಲೆಲ್ಲಿ ಒಡೆಯುತ್ತೆ ಹೇಳಪ್ಪ," ಎಂದಳು. ಉಡರಾಯ ನಾಲಿಗೆ ಚಾಚಿದ, ಒಳಗೆಳೆದುಕೊಂಡ. ಚೌಡಕ್ಕ ಒಂದೊಂದು ಕವಲನ್ನೂ ಬಿಡಿಸಿ ಹೇಳಿದಳು. ಬಿಲ ಅವಳಿಗೇ ಉಳಿಯಿತು.

ಮುಸುವ ಏಳಲು ಹೊರಟವನು ಇಳಿಜಾರಿನತ್ತ ನೋಡಿ ನಿಂತ. ಕಣ್ಣು ಕಾಣದ ಮುದಿ ಕಡವೆಯೊಂದು ಮಗಳ ಪಕ್ಕೆಗೆ ಒರಗಿ ಬರುತ್ತಿತ್ತು. ಅದರ ಹಿಂದೆ ಸೊಂಟ ನೊಂದ ಜಿಂಕೆ, ತುಂಬು ಬಸುರಿ ಮೊಲ, ಆಮೆ. ಸಾಲು ಬಂಡೆಯ ಬುಡದವರೆಗೂ ಇತ್ತು.

"ಇವರೆಲ್ಲ ಇಷ್ಟು ದಿನ ಎಲ್ಲಿದ್ದರು?" ಎಂದ ಮುಸುವ.

"ಕೆಳಗೇ ಇದ್ದರು ಯಜಮಾನರೇ," ಎಂದಳು ಚೌಡಕ್ಕ.

ಮುಸುವ ಮತ್ತೆ ಕೂತು, ಮುದಿ ಕಡವೆಯ ಅಹವಾಲು ಕೇಳತೊಡಗಿದ.

ನೀತಿ: ಎಲ್ಲರಿಗೂ ಎಂದು ಕಟ್ಟಿದ ಮನೆಗೆ ಎಲ್ಲರೂ ತಾವಾಗಿಯೇ ಹೋಗುವ ದಾರಿಯಿರಬೇಕು, ಇಲ್ಲದಿದ್ದರೆ ಅದು ಕೆಲವರ ಮನೆಯಷ್ಟೆ.