ಗೆರೆಯಾಚೆ ನಿಂತ ಮರುಳಸಿದ್ಧ

ವೇದಾವತಿ ಹೊಳೆಯ ಕಡೆಯ ಒಂದು ಊರಲ್ಲಿ ಮಂಡಕ್ಕಿ ಅಂಗಡಿಯ ಚೆನ್ನಬಸಮ್ಮ ಅಂತ ಒಬ್ಬಳಿದ್ದಳು. ಅವಳಿಗೆ ಆರೂವರೆ ಅಡಿ ಎತ್ತರದ ಒಬ್ಬನೇ ಮಗ, ಮರುಳಸಿದ್ಧ. ದೇವರು ಸರಕನ್ನೆಲ್ಲ ಕಾಲಿಗೇ ಸುರಿದು, ತಲೆಯ ಹೊತ್ತಿಗೆ ಚೀಲ ಕೊಡವಿದ್ದ.

"ಸೇರು ತುಂಬಿ ಚೆಲ್ಲೋ ಹಂಗೆ ಅಳೆಯೋ, ಗಿರಾಕಿ ಮತ್ತೆ ಬರ್ತಾರೆ" ಅಂದಳು ಅವ್ವ. ಅವನು ಅರ್ಧ ಸೇರು ಚೀಲಕ್ಕೆ ಸುರಿದ, ಅರ್ಧ ಸೇರು ಬೀದಿಗೆ ಚೆಲ್ಲಿದ. ಗಿರಾಕಿಗಿಂತ ಮೊದಲು ಕೋಳಿಗಳು ಬಂದವು.

ಇವನ ಕೈಗೆ ಅಂಗಡಿ ಕೊಟ್ಟರೆ ಅಂಗಡಿ ಉಳಿಯೋದಿಲ್ಲ ಅನ್ನೋದು ಅವಳಿಗೆ ಖಾತ್ರಿಯಾಯಿತು. ಅಷ್ಟರಲ್ಲಿ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಮೇಷ್ಟ್ರು ಹಾಲೇಶಪ್ಪ ಮಂಡಕ್ಕಿ ಕೊಳ್ಳಲು ಬಂದರು, ಹುಡುಗನ ಎತ್ತರ ನೋಡಿದರು, ಮಂಡಕ್ಕಿ ಮರೆತರು. ಆಟದ ಕೋಟಾದಲ್ಲಿ ಸೀಟು ಸಿಕ್ಕಿತು. ತಂಡದಲ್ಲಿ ಇದ್ದರೆ ಸೀಟು, ತಂಡ ಬಿಟ್ಟರೆ ಮಗ ಮತ್ತೆ ಸೇರಿನ ಮುಂದೆ.

ಆದರೆ ಆ ವರ್ಷವೇ ವಿಶ್ವವಿದ್ಯಾಲಯದಿಂದ ಸುತ್ತೋಲೆಯ ಮೇಲೆ ಸುತ್ತೋಲೆ. ಒಂದು ನಿಯಮ ಹೋಯಿತು, ಇನ್ನೊಂದು ಬಂತು.

ಮೊದಲ ಸುತ್ತೋಲೆ: ಚೆಂಡು ಸಿಕ್ಕ ತಂಡ ಇಪ್ಪತ್ನಾಲ್ಕು ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಬೇಕು. ಹಾಲೇಶಪ್ಪ ಮೇಷ್ಟ್ರು ಹೇಳಿದರು, "ಸಿದ್ಧ, ಚೆಂಡು ಕೈಗೆ ಬಂದ್ರೆ ಗಡಿಯಾರ ನೋಡು."

ಚೆಂಡು ಕೈಗೆ ಬಂತು. ಮರುಳಸಿದ್ಧ ಗಡಿಯಾರ ನೋಡಿದ. ನೋಡಿದ, ನೋಡಿದ, ಸೊನ್ನೆಯಾಗುವವರೆಗೂ ನೋಡಿದ. ಇಡೀ ಆಟ ಹೀಗೇ.

"ಗಡಿಯಾರ ಚೆನ್ನಾಗೈತೆ ಸಾರ್. ಒಂದು ಸಲಾನೂ ತಪ್ಪಲಿಲ್ಲ."

"ಅಯ್ಯೋ ಮರುಳೇ, ಹಿಡ್ಕೊಂಡು ನಿಂತ್ಕೋಬಾರ್ದು. ಹತ್ತಿರ ಯಾರಿದ್ದಾರೋ ಅವರಿಗೆ ಕೊಟ್ಟುಬಿಡ್ಬೇಕು."

"ಹಂಗೇ ಆಗ್ಲಿ ಸಾರ್."

ಎರಡನೇ ಆಟದಲ್ಲಿ ಅವನಿಗೆ ಎಲ್ಲರಿಗಿಂತ ಹತ್ತಿರ ಇದ್ದವನು, ಅವನನ್ನೇ ಕಾಯುತ್ತಿದ್ದ ಎದುರಾಳಿ. ಅವನಿಗೇ ಕೊಟ್ಟ. ಅದೂ ಎರಡೂ ಕೈಯಲ್ಲಿ, ಮರ್ಯಾದೆಯಿಂದ.

"ಎದುರಾಳಿಗೆ ಕೊಡ್ತಾರೇನೋ? ನಮ್ಮದು ಕೆಂಪಂಗಿ. ಕೆಂಪಂಗಿಗೆ ಮಾತ್ರ ಕೊಡ್ಬೇಕು."

"ಹಂಗೇ ಆಗ್ಲಿ ಸಾರ್."

ಮೂರನೇ ಆಟಕ್ಕೆ ಇನ್ನೊಂದು ಸುತ್ತೋಲೆ ಬಂತು: ಆಟ ಯಾರ ಊರಲ್ಲೋ ಅವರಿಗೆ ಬಿಳಿ ಅಂಗಿ, ಬಂದವರಿಗೆ ಬಣ್ಣದ್ದು. ಆಟ ಇವರ ಊರಲ್ಲೇ ಇತ್ತು. ಇವರು ಬಿಳಿ ತೊಟ್ಟರು, ಬಂದವರು ಕೆಂಪು ತೊಟ್ಟುಬಂದರು. ಮರುಳಸಿದ್ಧ ಆ ದಿನ ಒಂದು ಚೆಂಡನ್ನೂ ತಪ್ಪಿಸದೆ ಕೆಂಪಂಗಿಯವರಿಗೇ ತಲುಪಿಸಿದ.

ಪ್ರಿನ್ಸಿಪಾಲರು ಚೆನ್ನಬಸಮ್ಮನನ್ನು ಕರೆಸಿದರು. "ಇನ್ನೊಂದು ಆಟ ನೋಡ್ತೀವಮ್ಮ. ಅದೂ ಸೋತರೆ ನಿಮ್ಮ ಹುಡುಗನ ಸೀಟು ಬೇರೆಯವರಿಗೆ."

ಅವಳು ಅಳಲಿಲ್ಲ. ಸರಕು ಯಾಕೆ ಓಡುತ್ತಿಲ್ಲ ಅಂತ ನೋಡುವವಳ ಹಾಗೆ ನೇರ ಹಾಲೇಶಪ್ಪನವರ ಹತ್ತಿರ ಹೋದಳು.

"ಅಲ್ಲ ಮೇಷ್ಟ್ರೇ, ಆಡ್ತಾ ಆಡ್ತಾ ನಿಯಮ ಯಾಕೆ ಬದಲಾಯಿಸ್ತಾರೆ?"

"ಆಟಗಾರರು ಒಂದೊಂದು ಉಪಾಯ ಕಂಡ್ಕೋತಾರಮ್ಮ. ಮೊದಲು ಮುಂದಿದ್ದ ತಂಡ ಚೆಂಡು ಹಿಡ್ಕೊಂಡು ಕೂತುಬಿಡೋದು. ಅದಕ್ಕೇ ಗಡಿಯಾರ ತಂದ್ರು."

"ಸರಿ ಬಿಡಿ. ಮಂಡಕ್ಕಿ ಮೆತ್ತಗಾಗೋವರೆಗೂ ಮಾರದೆ ಕೂತ್ರೆ ಸಂತೆ ನಡೀತದಾ? ಮತ್ತೆ ಅಂಕಣದ ನಡುವೆ ಆ ಗೆರೆ ಯಾಕೆ?"

"ಚೆಂಡು ತಗೊಂಡು ಗೆರೆ ದಾಟಿದ ಮೇಲೆ ಹಿಂದಕ್ಕೆ ತರಬಾರ್ದು. ಎದುರಾಳಿ ಬುಟ್ಟಿ ಕೆಳಗೆ ಬಣ್ಣ ಬಳಿದೈತಲ್ಲ, ಅಲ್ಲಿ ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರ್ದು."

ಅವಳು ಕೇಳಿದಳು, ಮತ್ತೆ ಕೇಳಿದಳು, ಸಂಜೆವರೆಗೂ ಕೇಳಿದಳು. ಕೊನೆಗೆ ಮಗನಿಗೆ ತಾನೇ ಬುದ್ಧಿ ಹೇಳಿದಳು. "ನೋಡಪ್ಪ, ಗೆರೆ ದಾಟಿದ ಮೇಲೆ ಹಿಂದಕ್ಕೆ ಬರಬ್ಯಾಡ. ಬಣ್ಣದೊಳಗೆ ಮೂರು ಎಣಿಸು, ಆಚೆ ಬಾ, ಮತ್ತೆ ಹೋಗು. ಚೆಂಡು ಬಂದ್ರೆ ತಲೆ ಮೇಲಿನ ಬುಟ್ಟಿಗೆ ಹಾಕು. ಅಷ್ಟೇ."

"ಹಂಗೇ ಆಗ್ಲಿ ಅವ್ವ."

ಆಟದ ದಿನ ಅಂಗಡಿಗೆ ಬೀಗ ಹಾಕಿ ಅವಳೂ ಹೋದಳು. ಮರುಳಸಿದ್ಧ ಮೊದಲ ನಿಮಿಷದಲ್ಲೇ ಗೆರೆ ದಾಟಿದ. ದಾಟಿದವನು ಹಿಂದಕ್ಕೆ ಬರಲೇ ಇಲ್ಲ. ಒಂದು, ಎರಡು, ಮೂರು, ಆಚೆ. ಒಂದು, ಎರಡು, ಮೂರು, ಆಚೆ. ಗೆಳೆಯರು ಅಷ್ಟು ದೂರದಿಂದ ಚೆಂಡು ಎಸೆದರು, ಇವನು ಕೈ ಚಾಚಿ ಬುಟ್ಟಿಗೆ ಹಾಕಿದ. ಅರ್ಧ ಆಟಕ್ಕೆ ಇವರೇ ಮುಂದೆ. ವಿರಾಮದಲ್ಲೂ ಅವನು ಈಚೆ ಬರಲಿಲ್ಲ, ನೀರನ್ನು ಅಲ್ಲಿಗೇ ಕಳಿಸಿದರು.

ವಿರಾಮ ಮುಗಿದ ಮೇಲೆ ತಂಡಗಳು ಬುಟ್ಟಿ ಅದಲು ಬದಲು ಮಾಡಿಕೊಳ್ಳಬೇಕು. ಎಲ್ಲರೂ ಬದಲಾದರು, ಮರುಳಸಿದ್ಧ ಅಲ್ಲೇ ಉಳಿದ. ಹಾಲೇಶಪ್ಪ ಚೆನ್ನಬಸಮ್ಮನ ಕಡೆ ಬಗ್ಗಿದರು. "ಇರ್ಲಿ ಬಿಡಮ್ಮ. ಈಗ ಅದು ನಮ್ಮ ಬುಟ್ಟಿ. ಅಡ್ಡ ನಿಂತು ಕಾಯ್ಲಿ." ಅದನ್ನು ಅವನಿಗೆ ಯಾರೂ ಹೇಳಲಿಲ್ಲ.

ಕಾದದ್ದೇನೋ ಕಾದ. ಅವನ ತಲೆಯ ಮೇಲಿಂದ ಎಸೆಯಲು ಎದುರಾಳಿಗಳು ಒದ್ದಾಡಿದರು. ಆದರೂ ಒಂದೊಂದಾಗಿ ಹಾಕಿ ಒಂದೇ ಅಂಕದಷ್ಟು ಹಿಂದೆ ಬಂದು ನಿಂತರು. ಉಳಿದದ್ದು ಎರಡು ಸೆಕೆಂಡು. ಅವರು ಎಸೆದ ಚೆಂಡು ಬುಟ್ಟಿಯ ಅಂಚಿಗೆ ಬಡಿದು ನೇರ ಮರುಳಸಿದ್ಧನ ಕೈಗೆ ಬಿತ್ತು. ಅವನು ತಲೆ ಎತ್ತಿದ. ಬುಟ್ಟಿ ಅಲ್ಲೇ ಇತ್ತು. ಹಾಕಿದ.

ಸೀಟಿ ಕೂಗಿತು.

ರೆಫರಿ ನಿಯಮದ ಪುಸ್ತಕ ತಿರುವಿ ಗಟ್ಟಿಯಾಗಿ ಓದಿದರು. ತನ್ನದೇ ಬುಟ್ಟಿಗೆ ತಪ್ಪಿ ಹಾಕಿದರೆ ಎದುರಾಳಿಗೆ ಎರಡು ಅಂಕ. ಬೇಕೆಂದೇ ಹಾಕಿದರೆ ಅಂಕವೇ ಇಲ್ಲ, ಎದುರಾಳಿಗೆ ಚೆಂಡು ಮಾತ್ರ. ಓದಿ ಹುಡುಗನ ಕಡೆ ತಿರುಗಿದರು. "ಏನಪ್ಪ, ಕೈತಪ್ಪಿ ಬಿತ್ತೋ, ಬೇಕಂತ್ಲೇ ಹಾಕಿದ್ಯೋ?"

ಚೆನ್ನಬಸಮ್ಮ ಸೆರಗು ಬಾಯಿಗೆ ಒತ್ತಿಕೊಂಡಳು. ಹುಟ್ಟಿದಾಗಿನಿಂದ ಇವನು ಪ್ರಶ್ನೆಗೆ ಸರಿಯಾದ ಉತ್ತರ ಕೊಟ್ಟದ್ದೇ ಇಲ್ಲ.

"ಬೇಕಂತ್ಲೇ ಸಾರ್" ಅಂದ ಮರುಳಸಿದ್ಧ, ತುಸು ಬೇಜಾರಾಗಿ. "ತಪ್ಪಿ ಹಾಕೋಕೆ ನಾನೇನು ಪೆದ್ದನಾ?"

ರೆಫರಿ ಅಂಕ ಇಲ್ಲ ಅಂತ ಕೈ ಆಡಿಸಿದರು. ಉಳಿದ ಅರೆ ಸೆಕೆಂಡಿನಲ್ಲಿ ಎದುರಾಳಿಗಳು ಎಸೆದ ಚೆಂಡು ಹಲಗೆಯನ್ನೂ ಮುಟ್ಟಲಿಲ್ಲ. ಒಂದು ಅಂಕದಿಂದ ಗೆದ್ದರು, ಸೀಟು ಉಳಿಯಿತು. ಪ್ರಿನ್ಸಿಪಾಲರು ಆ ಆಟಕ್ಕೆ ಇಟ್ಟಿದ್ದ ಕಪ್ ಹಿಡಿದು ಗೆರೆಯ ಈಚೆ ನಿಂತರು, ತಂಡದವರೆಲ್ಲ ಸುತ್ತ ಸೇರಿದರು, ಫೋಟೋದವನೂ ಬಂದ. ಒಬ್ಬನೇ ಕಮ್ಮಿ.

"ಬಾರೋ ಸಿದ್ಧ, ಎಲ್ಲಾ ನಿನಗೇ ಕಾಯ್ತಾ ಇದ್ದಾರೆ" ಅಂತ ಕೂಗಿದಳು ಅವ್ವ.

ಅವನು ಗೆರೆಯವರೆಗೂ ಬಂದ. ಕಾಲ ಬೆರಳು ಗೆರೆಗೆ ತಾಗದ ಹಾಗೆ ನಿಂತು ಕೇಳಿದ:

"ಬದಲಾಯಿಸಿದ್ರೇನವ್ವ ನಿಯಮಾನ?"