ಆರದ ಹಳದಿ ದೀಪ

ತುಂಗಭದ್ರೆಯ ದಂಡೆಯಲ್ಲಿ, ಹೆದ್ದಾರಿಯ ಸೇತುವೆ ಇಳಿದ ಕೂಡಲೇ, ಫಕ್ಕೀರಪ್ಪನವರ ಟೈರ್ ಅಂಗಡಿ. ಅವರನ್ನು ಎಲ್ಲರೂ ಗುರುಗಳು ಎಂದೇ ಕರೆಯುತ್ತಿದ್ದರು. ಕಾವಿ ಉಟ್ಟವರಲ್ಲ, ಗ್ರೀಸ್ ಹತ್ತಿದ ಅಂಗಿಯವರು. ಗುಡದಯ್ಯ ಒಂಬತ್ತು ವರ್ಷದಿಂದ ಅವರ ಶಿಷ್ಯ.

ಆ ಅಂಗಡಿಯಲ್ಲಿ ಒಂದು ಕಟ್ಟಳೆಯಿತ್ತು. ಹಳೆ ಟೈರನ್ನು ಚಕ್ರದಿಂದ ಬಿಚ್ಚುವ ಮೆಷಿನ್ನಿಗೆ ಕೊಡುವ ಮೊದಲು, ಗಾಳಿ ಹಾಕುವ ವಾಲ್ವ್ ಇರುವ ಕಡೆ ಟೈರಿನ ಮೇಲೆ ಸೀಮೆಸುಣ್ಣದ ಗೆರೆ ಎಳೆಯಬೇಕು. ಗಾಳಿ ಕಡಿಮೆಯಾದರೆ ಡ್ರೈವರಿಗೆ ತಿಳಿಸುವ ಸೆನ್ಸರ್ ಅಲ್ಲೇ ಒಳಗೆ ಕೂತಿರುತ್ತದೆ. ಮೆಷಿನ್ನಿನ ಅಲಗು ಆ ಜಾಗದಲ್ಲಿ ಒತ್ತಿದರೆ ಅದು ಮುರಿಯುತ್ತದೆ.

"ಗೆರಿ ಯಾಕ್ರಿ ಗುರುಗಳ? ವಾಲ್ವ್ ಕಣ್ಣಿಗೆ ಕಾಣತೈತಲ್ಲ," ಎಂದು ಗುಡದಯ್ಯ ಮೊದಲ ವರ್ಷ ಕೇಳಿದ್ದ.

"ಕಣ್ಣಿಗೆ ಕಾಣತೈತಿ. ಅವಸರಕ್ಕ ಕಾಣಂಗಿಲ್ಲ," ಎಂದಿದ್ದರು ಗುರುಗಳು.

ಗುರುಗಳು ಮಗಳ ಊರಿಗೆ ಹೋಗಿದ್ದ ಒಂದು ಬೆಳಿಗ್ಗೆ, ಗಣಿತ ಕಲಿಸುವ ಗಿರಿಜಾ ಟೀಚರ್ ತಮ್ಮ ಕಾರಿಗೆ ನಾಲ್ಕೂ ಹೊಸ ಟೈರ್ ಹಾಕಿಸಲು ಬಂದರು. ಹಿಂದೆ ಮೂರು ಗಾಡಿಗಳು ಹಾರ್ನ್ ಹೊಡೆಯುತ್ತಿದ್ದವು. ನಾಲ್ಕನೆಯ ಚಕ್ರಕ್ಕೆ ಗುಡದಯ್ಯ ಗೆರೆ ಎಳೆಯಲಿಲ್ಲ. ಒಳಗೆ ಏನೋ ಕಟ್ ಎಂದಿತು.

ಮುರಿದ ಸೆನ್ಸರನ್ನು ಜೇಬಿಗೆ ಹಾಕಿಕೊಂಡ. ಆ ಜಾಗದಲ್ಲಿ ಬರೀ ರಬ್ಬರ್ ವಾಲ್ವ್ ಕೂರಿಸಿ ಕಳಿಸಿಬಿಟ್ಟ.

ಟೀಚರ್ ಅರ್ಧ ಗಂಟೆಯಲ್ಲೇ ತಿರುಗಿ ಬಂದರು. ಮೀಟರಿನ ಪಕ್ಕ ಲಾಳದ ಆಕಾರದ ಹಳದಿ ದೀಪ ಹೊತ್ತಿಕೊಂಡಿತ್ತು.

"ಇದ್ಯಾಕಪ್ಪ ಹತ್ತೈತಿ?"

"ಹೊಸ ಟೈರಲ್ರಿ ಟೀಚರ್. ನಾಕ್ ದಿನ ಓಡಿದ್ ಮ್ಯಾಲ ತಾನ ಆರತೈತಿ."

ಸೆನ್ಸರ್ ಸರಿ ಇದ್ದ ಗಾಡಿಯಲ್ಲಿ ಈ ಮಾತು ಎಷ್ಟೋ ಸಲ ನಿಜ. ಅದಕ್ಕೇ ಅಷ್ಟು ಸಲೀಸಾಗಿ ಬಾಯಿಂದ ಬಂತು. ಪೂರಾ ಸುಳ್ಳಾಗಿದ್ದರೆ ನಾಲಿಗೆಯಾದರೂ ತಡವರಿಸುತ್ತಿತ್ತು.

ಗುರುಗಳು ಊರಿಂದ ಬಂದು ಕೇಳಿದರು, "ಎಲ್ಲಾ ಸರಿ ಆತೇನು?"

"ಸರಿ ಆತ್ರಿ."

ಈ ಕತೆ ಹೇಳುವ ನನಗೆ ಹೊಟ್ಟೆ ಉರಿಯುವುದು ಇಲ್ಲಿ. ಆಗ ಹೇಳಿದ್ದರೆ ಒಂದು ಫೋನಿನಲ್ಲಿ ಮುಗಿದು ಹೋಗುತ್ತಿತ್ತು.

ದೀಪ ಆರಲಿಲ್ಲ. ಟೀಚರ್ ಅದಕ್ಕೆ ಒಗ್ಗಿಕೊಂಡರು.

ಇಪ್ಪತ್ತಮೂರನೆಯ ದಿನ ಅದೇ ಚಕ್ರಕ್ಕೆ ಮೊಳೆ ಹೊಕ್ಕಿತು. ಗಾಳಿ ಮೆಲ್ಲಗೆ ಇಳಿಯಿತು. ಎಚ್ಚರಿಸಬೇಕಾದ ದೀಪ ಮೊದಲೇ ಹೊತ್ತಿತ್ತು, ಹೊಸದಾಗಿ ಏನು ಹೇಳೀತು? ಬೈಪಾಸಿನ ತಿರುವಿನಲ್ಲಿ ಟೈರ್ ಹರಿದು ಗಾಡಿ ಮಗುಚಿತು. ಟೀಚರ್ ಉಳಿಯಲಿಲ್ಲ.

ಕ್ರೇನಿನವರು ಜಜ್ಜಿದ ಗಾಡಿಯನ್ನು ತಂದು ಗುರುಗಳ ಅಂಗಳದಲ್ಲೇ ಇಳಿಸಿದರು. ಹತ್ತಿರದಲ್ಲಿ ಬೇರೆ ಜಾಗವಿರಲಿಲ್ಲ.

ನಾಲ್ಕು ದಿನ ಬಿಟ್ಟು ಟೀಚರ ಗಂಡ ಚನ್ನವೀರಯ್ಯನವರು ಸಾಮಾನು ಒಯ್ಯಲು ಬಂದರು. ಉತ್ತರಪತ್ರಿಕೆಗಳ ಒಂದು ಕಟ್ಟು ಸಿಕ್ಕಿತು, ಒಂದು ಚಪ್ಪಲಿ ಸಿಕ್ಕಿತು. ಇನ್ನೊಂದನ್ನು ಸೀಟಿನ ಕೆಳಗೆಲ್ಲ ಹುಡುಕಿ, ಸಿಗದೆ, ಬೆಂಚಿನ ಮೇಲೆ ಕೂತರು.

"ನಂದ ತಪ್ಪು," ಎಂದರು. "ದೀಪ ನಾನೂ ನೋಡಿದ್ದೆ. ತಾನ ಆರತೈತಂತ ಅಂದ್ಲು, ಸುಮ್ಮನಾದೆ. ಒಂದ್ ಮಾತು ಗಟ್ಟಿಯಾಗಿ ಹೇಳಿದ್ರ ಉಳೀತಿದ್ಲು."

ಗುಡದಯ್ಯನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಒಳಗೆ ಹೋಗಿ, ಅಷ್ಟು ದಿನ ಬಚ್ಚಿಟ್ಟಿದ್ದ ಮುರಿದ ಸೆನ್ಸರನ್ನು ಗುರುಗಳ ಮುಂದಿಟ್ಟ. ನಡೆದದ್ದನ್ನೆಲ್ಲ ಹೇಳಿದ.

ಗುರುಗಳು ಅದನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರಾಗುತ್ತಿತ್ತು.

"ಅವರಿಗೆ ಹೇಳಿದ್ರ ಟೀಚರ್ ತಿರುಗಿ ಬರ್ತಾರೇನ್ರಿ, ಗುರುಗಳ?"

"ಇಲ್ಲ."

"ನಾ ಜೇಲಿಗೆ ಹೋಗ್ತೀನಿ. ಅಂಗಡಿ ಮುಚ್ಚತೈತಿ. ನಿಮ್ಮ ಹೆಸರೂ ಹೋಗತೈತಿ."

"ಹೋಗತೈತಿ."

"ಮತ್ತ ಹೇಳಿ ಏನ್ ಬಂತ್ರಿ?"

ಗುರುಗಳು ಎದ್ದು, ಅವನ ಕೈ ಹಿಡಿದು, ಅಂಗಳಕ್ಕೆ ನಡೆದರು. ಜಜ್ಜಿದ ಗಾಡಿಯ ಬಾಗಿಲು ಅರ್ಧ ಮಾತ್ರ ತೆರೆಯಿತು. ಕೀಲಿ ಇನ್ನೂ ಅದರಲ್ಲೇ ಇತ್ತು. ಕೈ ತೂರಿಸಿ ತಿರುವಿದರು.

ಒಡೆದ ಗಾಜಿನ ಹಿಂದೆ ದೀಪಗಳೆಲ್ಲ ಹೊತ್ತಿದವು. ಕೆಲವು ಆರಿದವು. ಹಳದಿಯದು ಮಿಣುಕಿ ಮಿಣುಕಿ, ಕೊನೆಗೆ ನಿಂತು ಉರಿಯಿತು.

ಬೆಂಚಿನ ಮೇಲೆ ಚನ್ನವೀರಯ್ಯನವರು ಆ ಒಂಟಿ ಚಪ್ಪಲಿಯ ಧೂಳು ಒರೆಸುತ್ತಿದ್ದರು.

"ಕೇಳಾವ್ರು ಸತ್ ಹೋದ್ರೂ ಇದು ಹೇಳೋದು ಬಿಟ್ಟಿಲ್ಲ," ಎಂದರು ಗುರುಗಳು. "ನಿನ್ ಮಾತು ಕೇಳಾವ್ರು ಇನ್ನೂ ಬದುಕ್ಯಾರ. ಅಲ್ಲಿ ಕುಂತಾರ."